ಕಾನ್ವೆಂಟ್ ಬಿಟ್ಟು ಅಕ್ಕ ಮನೆಗೆ ಬಂದಿದ್ದಾರೆ, ಜನಕ್ಕೆ ಏನು ಹೇಳೋದು?

ಮಂಗಳೂರು, ಉಡುಪಿ ಕಡೆಯಿಂದ, ಗಲ್ಫಲ್ಲಿರೋ ತಮ್ಮಂದಿರಿಂದ ಬರೋ ಪತ್ರಗಳೆಲ್ಲ "ಜನಕ್ಕೆ ಏನು ಹೇಳೋದು" ಅಂತಲೇ ಶುರುವಾಗ್ತವೆ, ಕಾನ್ವೆಂಟ್ ಬಿಟ್ಟು ಬಂದವರಿಗೆ ಏನು ಬೇಕು ಅಂತ ಕೇಳೋರು ತೀರಾ ಕಡಿಮೆ. ಅದಕ್ಕೇ ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಡ್ತಿದ್ದೀನಿ. ವ್ರತ ಅಂದ್ರೇನು, ನೊವಿಷಿಯೇಟ್ ಅಂದ್ರೇನು ಅಂತ ವಿವರಿಸಲ್ಲ, ಮನೇಲಿ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಇದ್ದವರಿಗೆ ಅದು ಗೊತ್ತಿರುತ್ತೆ.

ಪ್ರಶ್ನೆ: ಇಪ್ಪತ್ತಕ್ಕೂ ಹೆಚ್ಚು ವರ್ಷ ಸಿಸ್ಟರ್ ಆಗಿ, ಟೀಚರ್ ಆಗಿದ್ದ ನನ್ನಕ್ಕ ಇಂಡಲ್ಟ್ (ಕಾನ್ವೆಂಟ್ ಬಿಡೋಕೆ ಚರ್ಚ್ ಕೊಡೋ ಅನುಮತಿ) ತಗೊಂಡು ಮನೆಗೆ ಬಂದಿದ್ದಾಳೆ. ಅಮ್ಮ ವಾಳೆಯವರ (ಚರ್ಚಿನ ನಮ್ಮ ವಾರ್ಡಿನವರ) ಹತ್ರ "ರಜೆಗೆ ಬಂದಿದ್ದಾಳೆ" ಅಂತಾರೆ. ಅಕ್ಕ ನಾಲ್ಕೂವರೆಗೇ ಎದ್ದು ಕೂರ್ತಾಳೆ, ಏನು ಕೇಳಿದ್ರೂ "ನಿಮ್ಮಿಷ್ಟ" ಅಂತಾಳೆ, ಅಂಗಡಿಗೆ ಹೋಗಿ ಬಂದ್ರೆ ಸೋಪಿಗೆಷ್ಟು, ಬಸ್ಸಿಗೆಷ್ಟು ಅಂತ ಚೀಟೀಲಿ ಬರೆದು ಚಿಲ್ಲರೆ ಸಮೇತ ನನ್ನ ಹೆಂಡತಿ ಕೈಗೆ ಕೊಡ್ತಾಳೆ. ಡಿಪ್ರೆಶನ್ನಾ? ಪ್ರಾರ್ಥನೆ ಮಾಡಿಸೋ ಒಬ್ರು ವ್ರತ ಮುರಿದ ಶಾಪ ಅಂದ್ರು. ಮದುವೆ ಮಾಡಿದ್ರೆ ಸರಿ ಹೋಗ್ತಾಳಾ?

ಉತ್ತರ: ಮೊದಲು ಆ ಶಾಪದ ಮಾತು ಮುಗಿಸೋಣ. ಇಂಡಲ್ಟ್ ಬಂದು, ಅದನ್ನ ತಿಳಿಸಿದಾಗ ಅಕ್ಕ ಬೇಡ ಅನ್ನದೆ ಇದ್ರೆ ವ್ರತದಿಂದ ಬಿಡುಗಡೆ ಅದರಲ್ಲೇ ಸಿಕ್ಕಿಬಿಡುತ್ತೆ, ಕ್ಯಾಥೊಲಿಕ್ ಚರ್ಚಿನ ಕಾನೂನಾದ ಕ್ಯಾನನ್ ಲಾದ 692ನೇ ನಿಯಮ ಹೇಳೋದು ಅದನ್ನೇ. ಅವರು ವ್ರತ ಮುರಿದಿಲ್ಲ, ಚರ್ಚೇ ಬಿಡಿಸಿದೆ. ಹೀಗಿರುವಾಗ ಮನೆಗೆ ಬಂದು ಶಾಪ ಬಿಡಿಸ್ತೀನಿ ಅಂತ ಕೂರೋರನ್ನ ಒಳಗೇ ಸೇರಿಸಬೇಡಿ, ನೊಂದವರ ಮೇಲೆ ಇನ್ನೊಂದು ಪಾಪದ ಹೊರೆ ಹೊರಿಸಿ ಹೋಗ್ತಾರೆ ಅಷ್ಟೇ, ನನಗೆ ಇಂಥವರ ಬಗ್ಗೆ ಸ್ವಲ್ಪವೂ ತಾಳ್ಮೆ ಇಲ್ಲ.

ಇನ್ನು ಆ ಚೀಟಿ. ಅದು ಕಾಯಿಲೆ ಅಲ್ಲ. ಅಷ್ಟು ವರ್ಷ ಸಂಬಳ ಸಂಸ್ಥೆಗೆ ಹೋಗಿದೆ, ಕೈಗೆ ಬಂದ ಪ್ರತಿ ರೂಪಾಯಿಗೂ ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಹತ್ರ ಲೆಕ್ಕ ಕೊಟ್ಟಿದ್ದಾರೆ, ಹೊರಗೆ ಹೋಗೋಕೆ ಪರ್ಮಿಷನ್ ಕೇಳಿದ್ದಾರೆ. ಈಗ ನಿಮ್ಮ ಮನೇಲಿ ನಿಮ್ಮ ಹೆಂಡತಿಯೇ ಸುಪೀರಿಯರ್ ಆಗಿಬಿಟ್ಟಿದ್ದಾರೆ. "ಲೆಕ್ಕ ಬೇಡ ಅಕ್ಕ" ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಅವರೊಬ್ಬರ ಹೆಸರಲ್ಲೇ ಬ್ಯಾಂಕ್ ಅಕೌಂಟ್ ಮಾಡಿಸಿ, ಫೋನು, ಯುಪಿಐ ಎಲ್ಲಾ ಅವರ ಕೈಲೇ ಇರಲಿ, ಮನೆ ಬೀಗದ ಕೈ ಒಂದು ಕೊಡಿ, ತಿಂಗಳಿಗಿಷ್ಟು ಅಂತ ಹಾಕಿ ಆಮೇಲೆ ಏನಾಯ್ತು ಅಂತ ಕೇಳಬೇಡಿ. ಆಧಾರಲ್ಲಿ ಇನ್ನೂ ಕಾನ್ವೆಂಟ್ ಅಡ್ರೆಸ್ಸೇ ಇರುತ್ತೆ, ಬದಲಾಯಿಸಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮನೆ ಹೆಸರು, ಆಮೇಲಿನ ದಾಖಲೆಗಳಲ್ಲಿ ಸಿಸ್ಟರ್ ಹೆಸರು ಇದ್ರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ, ಬಿಎಡ್ ಒರಿಜಿನಲ್ಲು, ಅನುಭವ ಪತ್ರ ಕೇಳಿ ತರಿಸಿ, ಇಲ್ಲಾಂದ್ರೆ ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಒದ್ದಾಡ್ತೀರಿ.

ಸಂಸ್ಥೆಯಿಂದ ಹಣ? ಮಾಡಿದ ಕೆಲಸಕ್ಕೆ ಹಕ್ಕಿನಿಂದ ಏನೂ ಕೇಳೋಕಾಗಲ್ಲ, ಅದು 702ನೇ ನಿಯಮ. ಆದ್ರೆ ಅದೇ ನಿಯಮದ ಎರಡನೇ ಭಾಗವನ್ನ ಯಾರೂ ಓದಲ್ಲ, ಬಿಟ್ಟು ಹೋಗೋರ ಜೊತೆ ಸಂಸ್ಥೆ ನ್ಯಾಯವಾಗಿ, ಪ್ರೀತಿಯಿಂದ ನಡ್ಕೋಬೇಕು ಅಂತಿದೆ. ಹಾಗಾಗಿ ಸಂಸ್ಥೆಯ ಪ್ರಾಂತ್ಯದ ಮುಖ್ಯಸ್ಥೆ ಪ್ರೊವಿನ್ಶಿಯಲ್‌ಗೆ ಬರವಣಿಗೆಯಲ್ಲಿ ಕೇಳಿ, ಮರ್ಯಾದೆಯಾಗಿ, ಆದ್ರೆ ನಾಚಿಕೆ ಪಡದೆ.

ಬೆಳಿಗ್ಗೆ ಎದ್ದು ಕೂತ್ರೆ ಕೂರಲಿ. ಅವರು ಬಿಟ್ಟಿದ್ದು ಕಾನ್ವೆಂಟನ್ನ, ದೇವರನ್ನಲ್ಲ. ಆದ್ರೆ ನಿದ್ದೆಯೇ ಇಲ್ಲ, ಊಟ ಸೇರ್ತಿಲ್ಲ, ಬದುಕಿ ಏನು ಪ್ರಯೋಜನ ಅನ್ನೋ ಮಾತು ಬಂತು ಅಂದ್ರೆ ಅದು ಬೇರೆ ವಿಷಯ, ತಡ ಮಾಡದೆ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ, ರಾತ್ರಿ ಹೊತ್ತಾದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.

ಮದುವೆ ಮಾತು ಅವರಾಗೇ ಎತ್ತೋವರೆಗೂ ಯಾರೂ ಎತ್ತಬಾರದು. "ಅಮ್ಮನ್ನ ನೋಡ್ಕೊಳ್ಳೋಕೆ ಒಂದು ಜನ ಆಯ್ತು" ಅಂತ ಒಳಗೊಳಗೇ ಸಮಾಧಾನ ಪಡ್ತಿದ್ರೆ ಅದನ್ನೂ ಬಿಡಿ, ಒಂದು ಸೇವೆಯಿಂದ ಬಂದವರನ್ನ ಕೇಳದೇನೇ ಇನ್ನೊಂದಕ್ಕೆ ಹಾಕ್ತಿದ್ದೀರಿ. ಮತ್ತೆ ಆ ರಜೆಯ ಸುಳ್ಳು, ದಯವಿಟ್ಟು ಈ ವಾರವೇ ನಿಲ್ಲಿಸಿ. ಈ ಸುಳ್ಳಿಂದಾಗಿ ಅಕ್ಕ ಗೇಟಿನ ಶಬ್ದ ಕೇಳಿದ್ರೆ ಒಳಗೆ ಹೋಗ್ಬೇಕು, ಭಾನುವಾರ ಚರ್ಚಿನ ಪೂಜೆಗೆ ಹೋಗೋಕೂ ಹಿಂಜರೀಬೇಕು, ಮೊಂತಿ ಫೆಸ್ತಿಗೆ (ಮೇರಿ ಮಾತೆಯ ಹುಟ್ಟುಹಬ್ಬಕ್ಕೆ) ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಯಾರು ಏನು ಕೇಳ್ತಾರೋ ಅಂತ ಹೆದರ್ತಾ ಕೂರಬೇಕು. ಅಕ್ಕನನ್ನ ಕೇಳಿ, ಅವರು ಒಪ್ಪಿದ ಮಾತನ್ನೇ ಮನೆಯವರೆಲ್ಲ ಹೇಳಿ: "ಬಿಟ್ಟು ಬಂದಿದ್ದಾಳೆ, ಇನ್ನು ನಮ್ಮ ಜೊತೆ ಇರ್ತಾಳೆ." ಕಾರಣ ಕೇಳಿದ್ರೆ ಹೇಳಬೇಕಾಗಿಲ್ಲ, ವಾಳೆಯ ಮುಖಂಡರಾದ ಗುರ್ಕಾರರೇ ಕೇಳಿದ್ರೂ.

ಪ್ರಶ್ನೆ: ಸಿಸ್ಟರ್ ಆದ ಮೇಲೆ ಅಪ್ಪನ ಆಸ್ತೀಲಿ ಪಾಲು ಇರಲ್ಲ ಅಲ್ವಾ?

ಉತ್ತರ: ಹಾಗೆ ಹೇಳಿದ್ದು ಯಾರು? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಕ್ರೈಸ್ತರ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು, ವ್ರತ ತಗೊಂಡ್ರೆ ಪಾಲು ಹೋಗುತ್ತೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಅಪ್ಪ ಬದುಕಿದ್ದಾಗ ಬರೆಸಿಕೊಂಡ ಹಕ್ಕು ಬಿಡುಗಡೆ ಪತ್ರ ಸಾಮಾನ್ಯವಾಗಿ ನಿಲ್ಲಲ್ಲ, ಅಪ್ಪ ಹೋದ ಮೇಲೆ ರಿಜಿಸ್ಟರ್ ಮಾಡಿಸಿದ್ದಾದ್ರೆ ಕಥೆ ಬೇರೆ. ವಕೀಲರಿಗೆ ಪತ್ರ ತೋರಿಸಿ.

ಪ್ರಶ್ನೆ: ತಮ್ಮ ಸೆಮಿನರಿ (ಪಾದ್ರಿ ಆಗೋರ ತರಬೇತಿ ಶಾಲೆ) ಬಿಟ್ಟು ಬಂದಿದ್ದಾನೆ, ಹುಡುಗಿ ಕಡೆಯವರಿಗೆ ಹೇಳಬೇಕಾ?

ಉತ್ತರ: ಹೇಳಿ, ಮೊದಲ ಭೇಟಿಯಲ್ಲೇ.

ಪ್ರಶ್ನೆ: ಬಿಟ್ಟು ಬಂದ ಸಿಸ್ಟರ್ ಬಣ್ಣದ ಚೂಡಿದಾರ ಹಾಕಿದ್ರೆ ಜನ ಏನಂತಾರೆ?

ಉತ್ತರ: ಈ ಪ್ರಶ್ನೆಯನ್ನ ಇನ್ಮೇಲೆ ಕಳಿಸಬೇಡಿ.

ಪ್ರಶ್ನೆ: ಮನಸ್ಸು ಬದಲಾಗಿ ವಾಪಸ್ ಹೋಗ್ತೀನಿ ಅಂದ್ರೆ ಸೇರಿಸ್ಕೋತಾರಾ?

ಉತ್ತರ: ಅವಕಾಶ ಇದೆ, ಸರಿಯಾಗಿ ಅನುಮತಿ ಪಡೆದು ಬಂದವರನ್ನ ನೊವಿಷಿಯೇಟ್ (ವ್ರತಕ್ಕೆ ಮುಂಚಿನ ತರಬೇತಿ) ಮತ್ತೆ ಮಾಡಿಸದೇನೇ ಮೇಲಿನವರು ಸೇರಿಸ್ಕೋಬಹುದು. ಆದ್ರೆ ಅದನ್ನ ಕೇಳಬೇಕಾದವರು ಅವರೇ, ಅಮ್ಮ ಅಳ್ತಿದ್ದಾರೆ ಅಂತ ನೀವು ಕಾನ್ವೆಂಟಿಗೆ ಫೋನ್ ಮಾಡಬೇಡಿ.