‘ಆರ್‌ಸಿ ಹೋಗುತ್ತಾ ಮೇಡಂ?’

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದಿದ್ದ ಒಬ್ಬನ ಕತೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಚಳಿಗಾಲಕ್ಕೆ ದಾವಣಗೆರೆಗೆ ಸ್ವೆಟರ್ ಮಾರಲು ಬರುವ ಟಿಬೆಟನ್ ಹುಡುಗ. ಹುಟ್ಟಿದ್ದು ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲಿ. ಸಾಲ ಮಾಡಿ ತಂದ ಮಾಲು ಹೋಗಿರಲಿಲ್ಲ. ನಿದ್ದೆ ಇರಲಿಲ್ಲ.

ಮೊದಲ ದಿನ ನಾನೇ ಎಡವಿದೆ. ‘ಯಾವೂರು?’ ಅಂದೆ. ‘ಮುಂಡಗೋಡ’ ಅಂದ. ‘ಅಲ್ಲಪ್ಪಾ, ನಿಜವಾದ ಊರು?’ ಅಂತ ಕೇಳಿಬಿಟ್ಟೆ. ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದವನು ಸುಮ್ಮನಾದ. ವಾರವೆಲ್ಲ ಅದೇ ನನ್ನನ್ನು ಕೊರೆಯಿತು.

ಪುಣ್ಯಕ್ಕೆ ಮತ್ತೆ ಬಂದ. ಈ ಸಲ ನೇರವಾಗಿ ಕೇಳಿದೆ: ‘ಸಾಯಬೇಕು ಅನ್ನಿಸ್ತಿದೆಯಾ?’

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ನನ್ನ ಮೇಲೆ ರೇಗುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಒಳಗೇ ಇಟ್ಟುಕೊಂಡವರಿಗೆ ಎಷ್ಟೋ ಸಲ ಹಗುರವಾಗುತ್ತದೆ. ಅವನು ತುಂಬಾ ಹೊತ್ತು ನೆಲ ನೋಡಿದ. ಆಮೇಲೆ, ‘ಹೂಂ ಅಂದ್ರೆ ಪೊಲೀಸರಿಗೆ ಹೇಳ್ತೀರಾ? ಆರ್‌ಸಿ ಹೋಗುತ್ತಾ ಮೇಡಂ?’

ಆರ್‌ಸಿ ಅಂದರೆ ಇಲ್ಲಿ ಇರಲು ಟಿಬೆಟನ್ನರಿಗೆ ಬೇಕಾದ ನೋಂದಣಿ ಪತ್ರ. ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲಿಲ್ಲ. ಇಲ್ಲೇ ಹುಟ್ಟಿದ ಅವನು ಕಾಗದದಲ್ಲಿ ವಿದೇಶಿ. ಸಾವಿಗಿಂತ ಆ ಕಾಗದದ ಭಯವೇ ಜಾಸ್ತಿ ಇತ್ತು.

‘ಹಾಗೆ ಅನ್ನಿಸೋದು ಅಪರಾಧ ಅಲ್ಲಪ್ಪಾ’ ಅಂದೆ. ಪ್ರಯತ್ನಪಟ್ಟವರನ್ನೂ ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ. ಅದನ್ನು ಬಿಡಿಸಿ ಹೇಳಿದೆ. ‘ಪೊಲೀಸರ ಹತ್ರ ಹೋಗಲ್ಲ. ಆದರೆ ಈಗ ನಿನ್ನನ್ನು ಒಬ್ಬನನ್ನೇ ಬಿಡೋದೂ ಇಲ್ಲ. ಒಬ್ಬರಿಗೆ ತಿಳಿಸಬೇಕು. ಯಾರಿಗೆ ಅಂತ ನೀನೇ ಹೇಳು.’

ಕ್ಯಾಂಪಿನ ಹಿರಿಯರು ಬೇಡ ಅಂದ. ಪಕ್ಕದ ಮಂಡಕ್ಕಿ ಅಂಗಡಿಯ ಅಜ್ಜಿ ಆಗಬಹುದು ಅಂದ. ಹೊರಗಿನವರನ್ನು ಯಾಕೆ ಎಳೆದಿರಿ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೊರಗಿನವರು ಯಾರು, ಒಳಗಿನವರು ಯಾರು ಅಂತ ಅವನೇ ತೀರ್ಮಾನಿಸಲಿ ಅನ್ನುವುದು ನನ್ನ ಹಟ. ಮನೋವೈದ್ಯರ ಬಳಿಗೆ ಅವತ್ತೇ ಕರೆದುಕೊಂಡು ಹೋದೆ. ನಡುರಾತ್ರಿಗೆ ಬೇಕಾಗುತ್ತದೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಅವನ ಫೋನಿನಲ್ಲಿ ಹಾಕಿಸಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಲದ ಮಾತು ಆಮೇಲೆ. ಅಜ್ಜಿ ಕೆಲವು ರಾತ್ರಿ ತನ್ನ ಮನೆಯಲ್ಲೇ ಮಲಗಿಸಿಕೊಂಡಳು.

ನನ್ನ ಫಾರ್ಮಿನಲ್ಲಿ ‘ಊರು’ ಅನ್ನುವ ಜಾಗ ಈಗಲೂ ಇದೆ. ಏನು ಹೇಳುತ್ತಾರೋ ಅದನ್ನು ಬರೆದುಕೊಂಡು ಮುಂದೆ ಹೋಗುತ್ತೇನೆ.