ಬಾಡಿಗೆಯೋ, ಭೋಗ್ಯವೋ, ಸ್ವಂತ ಮನೆಯೋ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರದ ಸಾರವನ್ನು ಇತರ ಓದುಗರ ಅನುಕೂಲಕ್ಕಾಗಿ, ಹೆಸರು ಬಿಟ್ಟು, ಮೊದಲು ಹೇಳಿಬಿಡುತ್ತೇನೆ. ನೀವು ಬೆಂಗಳೂರಿನ ನಾಗರಬಾವಿಯಲ್ಲಿ ತಿಂಗಳಿಗೆ 22,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೀರಿ. ದಂಪತಿಗಳಿಬ್ಬರ ಸಂಬಳ ಸೇರಿ ಕೈಗೆ ಬರುವುದು 1.15 ಲಕ್ಷ, ಠೇವಣಿಯಲ್ಲಿರುವುದು 22 ಲಕ್ಷ, ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಕೆಂಗೇರಿಯ ಆಚೆ ಹೊಸ ಅಪಾರ್ಟ್‌ಮೆಂಟಿನಲ್ಲಿ 1,100 ಚದರಡಿಯ ಮನೆಯೊಂದನ್ನು 75 ಲಕ್ಷಕ್ಕೆ ನೋಡಿದ್ದೀರಿ. 60 ಲಕ್ಷ ಸಾಲವನ್ನು 20 ವರ್ಷಕ್ಕೆ, ಶೇ 8.5ರ ಬಡ್ಡಿಗೆ ಕೊಡಲು ಬ್ಯಾಂಕು ಒಪ್ಪಿದೆ. ಈ ನಡುವೆ ನಿಮ್ಮ ಬೀದಿಯಲ್ಲೇ ಒಬ್ಬರು 20 ಲಕ್ಷಕ್ಕೆ ಮೂರು ವರ್ಷ ಮನೆಯನ್ನು ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯಿಲ್ಲದೆ, ಅವಧಿ ಮುಗಿದಾಗ ಆ ಹಣವನ್ನು ಹಿಂದಿರುಗಿಸುವ ಕರಾರಿನ ಮೇಲೆ, ಕೊಡುವುದಾಗಿ ಹೇಳಿದ್ದಾರೆ. ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆ. ಪತ್ರದ ಕೊನೆಯಲ್ಲಿ, ಯಜಮಾನರಿಗೆ ಎರಡು ವರ್ಷದೊಳಗೆ ಪುಣೆಗೆ ವರ್ಗವಾಗುವ ಸಂಭವವಿದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಉತ್ತರದ ಬಹುಭಾಗ ಆ ಒಂದು ಸಾಲನ್ನೇ ಅವಲಂಬಿಸಿದೆ.

ಅತ್ತೆಯವರ ಮಾತನ್ನು ಮೊದಲು ಗೌರವದಿಂದಲೇ ಪರಿಶೀಲಿಸೋಣ. ಕೊಟ್ಟ ಬಾಡಿಗೆ ಹಿಂದಿರುಗುವುದಿಲ್ಲ ಎಂಬುದು ನಿಜ. ಆದರೆ ಸಾಲದ ಬಡ್ಡಿಯೂ ಹಿಂದಿರುಗುವುದಿಲ್ಲ. 60 ಲಕ್ಷಕ್ಕೆ ನಿಮ್ಮ ಮಾಸಿಕ ಕಂತು ಸುಮಾರು 52,000 ರೂಪಾಯಿ ಬರುತ್ತದೆ. ಮೊದಲ ತಿಂಗಳ ಕಂತಿನಲ್ಲಿ 42,500 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 9,500ರಷ್ಟು ಮಾತ್ರ. ಮೊದಲ ವರ್ಷದ ಬಡ್ಡಿಯೇ 5 ಲಕ್ಷ ದಾಟುತ್ತದೆ. ಅದಕ್ಕೆ ಚದರಡಿಗೆ 4 ರೂಪಾಯಿಯಂತೆ ನಿರ್ವಹಣಾ ವೆಚ್ಚ, ಆಸ್ತಿ ತೆರಿಗೆ, ಜೊತೆಗೆ ನೀವು ಠೇವಣಿಯಿಂದ ತೆಗೆದು ಹಾಕುವ ಹಣಕ್ಕೆ ಬರುತ್ತಿದ್ದ ಬಡ್ಡಿ, ಇವೆಲ್ಲವನ್ನೂ ಕೂಡಿಸಿದರೆ ಮೊದಲ ವರ್ಷ ಮರಳಿ ಬಾರದ ಖರ್ಚು ಸುಮಾರು 7 ಲಕ್ಷವಾಗುತ್ತದೆ. ಅಂಥದೇ ಮನೆಗೆ ಆ ಭಾಗದಲ್ಲಿ ಬಾಡಿಗೆಯೂ 22,000ವೇ ಎಂದು ನೀವೇ ಬರೆದಿದ್ದೀರಿ, ಅಂದರೆ ವರ್ಷಕ್ಕೆ 2.64 ಲಕ್ಷ. ಮನೆಯ ಬೆಲೆಯ ಶೇ 3.5ರಷ್ಟು ಕೊಟ್ಟು ವಾಸಿಸಲು ಸಾಧ್ಯವಿರುವ ಮನೆಗೆ ಶೇ 8.5ರ ಸಾಲ ತರುವುದಾದರೆ, ನಡುವಿನ ಅಂತರವನ್ನು ಮನೆಯ ಬೆಲೆಯೇ ಏರಿ ತುಂಬಿಕೊಡಬೇಕಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಪ್ರತಿವರ್ಷ ಶೇ 6ರ ಆಸುಪಾಸು ಏರಬೇಕು. ನಿವೇಶನದ ಬೆಲೆ ಹಾಗೆ ಏರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ನಿಮ್ಮದಾಗುವ ಭೂಮಿ ಅವಿಭಜಿತ ಪಾಲಿನಷ್ಟೇ (ಎಲ್ಲ ಮನೆಯವರಿಗೂ ಸೇರಿದ ನಿವೇಶನದಲ್ಲಿ ನಿಮಗೆ ಬರುವ ಅಂಶ), ಉಳಿದದ್ದು ವರ್ಷದಿಂದ ವರ್ಷಕ್ಕೆ ಹಳೆಯದಾಗುವ ಕಟ್ಟಡ. ಹೀಗಾಗಿ ಕ್ರಯಪತ್ರದ ಕರಡಿನಲ್ಲಿ ಆ ಪಾಲು ಎಷ್ಟು ಚದರಡಿ ಎಂಬುದನ್ನು ನೋಡದೆ ಬೆಲೆ ಏರುತ್ತದೆಂದು ನಂಬಬಾರದು.

ಇನ್ನು ಒಂದೇ ಬಾರಿಗೆ ತಗಲುವ ಖರ್ಚು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ನಗರ ಪ್ರದೇಶದಲ್ಲಿ ಅದರ ಮೇಲಿನ ಉಪಕರ, ಅಧಿಭಾರಗಳು ಸೇರಿ ಶೇ 5.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿಸಿರುವುದರಿಂದ ಒಟ್ಟು ಶೇ 7.6 ಆಗುತ್ತದೆ, 75 ಲಕ್ಷಕ್ಕೆ 5.70 ಲಕ್ಷ. ಈ ಹಣಕ್ಕೆ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಮನೆ ಮಾರಿದಾಗ ಯಾರೂ ಹಿಂದಿರುಗಿಸುವುದೂ ಇಲ್ಲ. ಹತ್ತು ವರ್ಷ ಅದೇ ಮನೆಯಲ್ಲಿ ನೆಲೆಸುವವರಿಗೆ ಇದು ವರ್ಷಕ್ಕೆ 57,000ದ ಬಾಬತ್ತು; ಮೂರೇ ವರ್ಷಕ್ಕೆ ಮಾರಿ ಹೊರಡುವವರಿಗೆ ವರ್ಷಕ್ಕೆ 1.90 ಲಕ್ಷ. ಪುಣೆಯ ವರ್ಗಾವಣೆಯ ಮಾತಿಗೆ ನಾನು ಇಷ್ಟು ತೂಕ ಕೊಡುತ್ತಿರುವುದು ಇದೇ ಕಾರಣಕ್ಕೆ.

ಸ್ವಂತ ಮನೆಯ ಪರವಾಗಿರುವ ವಾದವೂ ಬಲವಾದದ್ದೇ. ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರುತ್ತ ಹೋದರೆ ಹತ್ತು ವರ್ಷದ ಹೊತ್ತಿಗೆ 36,000ದ ಹತ್ತಿರ ಬಂದಿರುತ್ತದೆ, ಹದಿನೆಂಟು ವರ್ಷಕ್ಕೆ ಇಂದಿನ ನಿಮ್ಮ ಕಂತನ್ನೂ ದಾಟುತ್ತದೆ. ಸಂಬಳ ಏರಿದರೂ ಕಂತು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಇಪ್ಪತ್ತು ವರ್ಷದ ಮೇಲೆ ಅದೂ ಇರುವುದಿಲ್ಲ. ಹೆಚ್ಚುಕಡಿಮೆ ಎಂದೆ, ಏಕೆಂದರೆ ಗೃಹಸಾಲದ ಬಡ್ಡಿ ಬಹುತೇಕ ಬದಲಾಗುವಂಥದ್ದು. 2022ರ ಮೇ ತಿಂಗಳಲ್ಲಿ ಶೇ 4ರಲ್ಲಿದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ರಿಸರ್ವ್ ಬ್ಯಾಂಕು 2023ರ ಫೆಬ್ರವರಿಯ ಹೊತ್ತಿಗೆ ಶೇ 6.5ಕ್ಕೆ ಏರಿಸಿತು. ಆಗ ಶೇ 6.5ರ ಬಡ್ಡಿ ಶೇ 9ಕ್ಕೆ ಹೋಯಿತೆಂದು ಇಟ್ಟುಕೊಂಡರೆ, 60 ಲಕ್ಷದ ಕಂತು 44,700ರಿಂದ 54,000ಕ್ಕೆ ಏರುತ್ತದೆ. ಕಂತು ಏರಿಸುವ ಬದಲು ಅವಧಿಯನ್ನು ಬೆಳೆಸಿದ ಬ್ಯಾಂಕುಗಳೂ ಇದ್ದವು, ಆ ಸಾಲಗಾರರಿಗೆ ಬಿಡುಗಡೆಯ ದಿನ ದೂರ ಸರಿಯಿತು. ಆದಾಯ ತೆರಿಗೆಯ ವಿನಾಯಿತಿಯನ್ನು ನೆಚ್ಚಿಕೊಂಡು ಮನೆ ಕೊಳ್ಳಬೇಡಿ: ಸ್ವಂತ ವಾಸದ ಮನೆಯ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಕಡಿತವಿದೆ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಲೆಕ್ಕಕ್ಕೆ ಸಿಗದ ಸಂಗತಿಯನ್ನೂ ನೀವು ಬರೆದಿದ್ದೀರಿ. ಶಾಲೆಯ ವರ್ಷದ ನಡುವೆ ಮನೆ ಖಾಲಿ ಮಾಡಿಸಿದರೆ ಮಗಳ ಗತಿಯೇನು ಎಂಬ ಆ ಆತಂಕ ಸಣ್ಣದಲ್ಲ. ಬೆಂಗಳೂರಿನ ಬಾಡಿಗೆದಾರರಲ್ಲಿ ಅದನ್ನು ಅನುಭವಿಸದವರು ಕಡಿಮೆ. ಆದರೆ ಅದಕ್ಕೆ ಇರುವ ಪರಿಹಾರ ಸ್ವಂತ ಮನೆಯೊಂದೇ ಅಲ್ಲ. ನಮ್ಮಲ್ಲಿ 11 ತಿಂಗಳ ಕರಾರು ರೂಢಿಯಾದದ್ದು ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಆ ನೋಂದಣಿಯನ್ನು ತಪ್ಪಿಸಿಕೊಳ್ಳುವ ಬದಲು ನೀವೇ ಮುಂದಾಗಿ ಕೇಳಿ: ಮೂರು ವರ್ಷದ ನೋಂದಾಯಿತ ಕರಾರು, ವರ್ಷಕ್ಕೆ ಶೇ 5ರ ಏರಿಕೆ, ಖಾಲಿ ಮಾಡಿಸಬೇಕಾದರೆ ಮೂರು ತಿಂಗಳ ಮುನ್ಸೂಚನೆ, ವರ್ಗವಾದರೆ ನೀವು ಬಿಡಲು ಅವಕಾಶ, ಮುಂಗಡದಲ್ಲಿ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದರ ಸ್ಪಷ್ಟ ನಮೂದು. ತಪ್ಪದೆ ಬಾಡಿಗೆ ಕೊಡುವ ಸಂಸಾರಸ್ಥರಿಗೆ ಇದನ್ನು ಒಪ್ಪುವ ಮಾಲೀಕರು ಸಿಗುತ್ತಾರೆ, ನೋಂದಣಿಯ ಖರ್ಚನ್ನು ನಾವೇ ಭರಿಸುತ್ತೇವೆಂದು ನೀವು ಹೇಳಿದರೆ ಇನ್ನೂ ಬೇಗ ಸಿಗುತ್ತಾರೆ.

ಭೋಗ್ಯದ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಿದ್ದರೆ ಕ್ಷಮಿಸಬೇಕು. 20 ಲಕ್ಷಕ್ಕೆ ಶೇ 6.5ರಂತೆ ನೀವು ಬಿಟ್ಟುಕೊಡುವ ಬಡ್ಡಿ ತಿಂಗಳಿಗೆ 10,800ರಷ್ಟು, ಉಳಿಯುವ ಬಾಡಿಗೆ 22,000. ಮೂರು ವರ್ಷಕ್ಕೆ ಸುಮಾರು 4 ಲಕ್ಷದ ಲಾಭ ಕಣ್ಣಿಗೆ ಕಾಣುತ್ತದೆ. ಆ 4 ಲಕ್ಷಕ್ಕಾಗಿ ನಿಮ್ಮ ಜೀವಮಾನದ ಉಳಿತಾಯ ಒಬ್ಬ ವ್ಯಕ್ತಿಯ ಕೈಗೆ ಹೋಗುತ್ತದೆ. ಭೋಗ್ಯದ ಹಣವನ್ನು ಹಳೆಯ ಸಾಲ ತೀರಿಸಲೋ ಮೇಲಿನ ಮಹಡಿ ಕಟ್ಟಲೋ ಬಳಸಿದ ಮಾಲೀಕರು, ಮುಂದಿನ ಭೋಗ್ಯದಾರರು ಬಂದರೆ ಮಾತ್ರ ನಿಮ್ಮ ಹಣ ಹಿಂದಿರುಗಿಸಬಲ್ಲ ಸ್ಥಿತಿಯಲ್ಲಿರುತ್ತಾರೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಅವರು ಕಂತು ತಪ್ಪಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ನೋಂದಣಿಯಿಲ್ಲದ ಕರಾರು ಹಿಡಿದವರಿಗೆ ಆಗ ಮನೆಯೂ ಇಲ್ಲ, ಹಣಕ್ಕೆ ನ್ಯಾಯಾಲಯವೇ ದಾರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ) ತೆಗೆದು ನೋಡಿ, ಆದರೆ ಹಕ್ಕುಪತ್ರಗಳನ್ನು ಠೇವಣಿಯಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಅದರಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸುವಂತೆ ಕೇಳಿ. ಭೋಗ್ಯಪತ್ರವನ್ನು ನೋಂದಾಯಿಸಲು ಮಾಲೀಕರು ಹಿಂಜರಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅವರು ಒಪ್ಪಿದರೂ, ಉಳಿತಾಯದ ಬಹುಪಾಲನ್ನು ಒಂದೇ ಕಡೆ ಹೂಡುವ ಸಲಹೆಯನ್ನು ನಾನು ಕೊಡಲಾರೆ.

ಕೆಂಗೇರಿಯ ಆ ಮನೆಯನ್ನು ಈಗ ಕೊಳ್ಳಬೇಡಿ ಎನ್ನಲು ವರ್ಗಾವಣೆಯನ್ನು ಬಿಟ್ಟರೂ ಇನ್ನೊಂದು ಕಾರಣವಿದೆ. ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಆಡಳಿತ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇನ್ನೆರಡು ತಿಂಗಳಲ್ಲಿ ಬರುತ್ತದೆಂದು ಬಿಲ್ಡರ್ ಹೇಳಿದ್ದಾಗಿ ಬರೆದಿದ್ದೀರಿ. ಅದು ಬರುವ ಮೊದಲೇ ಮಾರುವ ಮನೆಗೆ ಶೇ 5ರ ಜಿಎಸ್‌ಟಿ ಇದೆ, 75 ಲಕ್ಷಕ್ಕೆ 3.75 ಲಕ್ಷ. ನಿಮ್ಮ ಪಾಲಿನ 15 ಲಕ್ಷ, ನೋಂದಣಿಯ 5.70, ಈ 3.75 ಸೇರಿದರೆ 24 ಲಕ್ಷ ಮೀರುತ್ತದೆ, ನಿಮ್ಮಲ್ಲಿರುವುದು 22. ಅಡುಗೆಮನೆಯ ಮರಗೆಲಸಕ್ಕೂ, ಆಸ್ಪತ್ರೆಯ ಖರ್ಚಿಗೂ ಒಂದು ರೂಪಾಯಿ ಉಳಿಯದ ಸ್ಥಿತಿಯಲ್ಲಿ ಸಂಬಳದ ಶೇ 45ರಷ್ಟನ್ನು ಕಂತಿಗೆ ಕೊಡುವ ಸಂಸಾರವನ್ನು ಊಹಿಸಿಕೊಂಡರೆ ನನಗೆ ಭಯವಾಗುತ್ತದೆ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನೂ ಮರೆಯಬಾರದು.

ಆದ್ದರಿಂದ ನನ್ನ ಸಲಹೆ, ವರ್ಗಾವಣೆಯ ವಿಷಯ ಇತ್ಯರ್ಥವಾಗುವವರೆಗೆ ಬಾಡಿಗೆ ಮನೆಯಲ್ಲೇ ಇರಿ. ಆದರೆ ಮುಂದಿನ ತಿಂಗಳಿಂದಲೇ ಕಂತು ಕಟ್ಟುತ್ತಿರುವವರಂತೆ ಬದುಕಿ. ಕಂತು, ನಿರ್ವಹಣಾ ವೆಚ್ಚಗಳ ಮೊತ್ತದಲ್ಲಿ ಬಾಡಿಗೆ ಕಳೆದರೆ ಉಳಿಯುವ 34,000ವನ್ನು ಸಂಬಳ ಬಂದ ದಿನವೇ ಆವರ್ತ ಠೇವಣಿಗೆ ಹಾಕಿ. ಬಾಡಿಗೆಯ ಪರವಾದ ಮೇಲಿನ ಎಲ್ಲ ಲೆಕ್ಕವೂ ಈ ಹಣ ನಿಜವಾಗಿ ಉಳಿದರೆ ಮಾತ್ರ ಸರಿ. ಅದು ಖರ್ಚಾಗಿ ಹೋಗುವುದಾದರೆ ಅತ್ತೆಯವರ ಮಾತೇ ಗೆಲ್ಲುತ್ತದೆ. ಆರು ತಿಂಗಳು ತಪ್ಪದೆ ಹಾಕಲು ಸಾಧ್ಯವಾದರೆ ಸಾಲ ಹೊರುವ ಶಕ್ತಿ ನಿಮಗಿದೆ ಎಂದಾಯಿತು, ಆಗದಿದ್ದರೆ ಸಾಲ ಮಾಡುವ ಮೊದಲೇ ಅದು ತಿಳಿದಂತಾಯಿತು. ಮೂರು ವರ್ಷದಲ್ಲಿ ಬಡ್ಡಿ ಬಿಟ್ಟೇ 12 ಲಕ್ಷ ಸೇರುತ್ತದೆ. ಅಷ್ಟರಲ್ಲಿ ಮನೆಯ ಬೆಲೆಯೂ ಏರಿ, ಸಾಲದ ಮೊತ್ತ ಈಗಿನಷ್ಟೇ ಬೇಕಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆಗ ನಿಮ್ಮ ಸಂಬಳ ಏರಿರುತ್ತದೆ, ಕೈಯಲ್ಲಿ ಆಪತ್ತಿನ ಹಣ ಇರುತ್ತದೆ, ಯಾವ ಊರಿನಲ್ಲಿ ನೆಲೆಸುತ್ತೀರಿ ಎಂಬುದು ಗೊತ್ತಿರುತ್ತದೆ. ವರ್ಗಾವಣೆ ಇಲ್ಲವೆಂದು ನಾಳೆಯೇ ಖಚಿತವಾದರೆ, ಓಸಿಯೂ ಇ-ಖಾತೆಯೂ (ಸ್ಥಳೀಯ ಆಡಳಿತದ ವಿದ್ಯುನ್ಮಾನ ಆಸ್ತಿ ದಾಖಲೆ) ಇರುವ, 60 ಲಕ್ಷದೊಳಗಿನ, ಸ್ವಲ್ಪ ಹಳೆಯ ಮನೆಯನ್ನು ಹುಡುಕಲು ನನ್ನ ಪೂರ್ಣ ಸಮ್ಮತಿಯಿದೆ.

ತಿಂಗಳ ಕೊನೆಯೊಳಗೆ ಮುಂಗಡ ಕೊಡದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆಂದು ಬಿಲ್ಡರ್ ಒತ್ತಾಯಿಸುತ್ತಿದ್ದಾರೆ ಎಂದಿದ್ದೀರಿ. ಆ ಒತ್ತಾಯಕ್ಕೆ ಮಣಿಯಬೇಡಿ. ಯೋಜನೆಯ ನೋಂದಣಿ ಸಂಖ್ಯೆ ಪಡೆದು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಪರಿಶೀಲಿಸಿ. ಕ್ರಯದ ಕರಾರನ್ನು ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು 2016ರ ರೇರಾ ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ನೀವು ಈಗಾಗಲೇ ಕೊಟ್ಟಿರುವ 50,000 ರೂಪಾಯಿಗೆ ರಸೀದಿ ಇದ್ದರೆ, ಓಸಿಯ ಪ್ರತಿಯನ್ನು ಇಂಥ ದಿನಾಂಕದೊಳಗೆ ಕೊಡಬೇಕು, ಇಲ್ಲವಾದರೆ ಹಣ ಹಿಂದಿರುಗಿಸಬೇಕು ಎಂದು ಈ ವಾರವೇ ಬರವಣಿಗೆಯಲ್ಲಿ ಕೇಳಿ, ಆ ಪತ್ರದ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಇತಿ,
ಸಂಪಾದಕ