ಒಂದು ಪೇಪರ್ ಬಿಟ್ಟರೆ ಹಾಸ್ಟೆಲ್ ಉಳಿಯುತ್ತದಾ?

*ಅಕ್ಕ, ನಾನು ವಿಜಯಪುರದಲ್ಲಿ ಬಿಎಸ್ಸಿ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಮೂರು ವರ್ಷದಿಂದ ಹಾಸ್ಟೆಲ್‌ನಲ್ಲಿದ್ದೇನೆ. ಪರೀಕ್ಷೆಗೆ ಇನ್ನೆರಡು ತಿಂಗಳು. ಪುಸ್ತಕ ತೆಗೆದರೆ ಕೈ ಮೊಬೈಲ್‌ಗೆ ಹೋಗುತ್ತದೆ. ಮೊದಲ ವರ್ಷದ ಫೋಟೋ ನೋಡುತ್ತಾ ಕೂತರೆ ತಾಸು ಹೋದದ್ದು ತಿಳಿಯುವುದಿಲ್ಲ. ಸಿದ್ಧೇಶ್ವರ ಜಾತ್ರೆಯಲ್ಲಿ ಬಳೆ ತಗೊಂಡದ್ದು, ಗೋಳಗುಮ್ಮಟದ ಮೇಲೆ ಹತ್ತಿ ಗೋಡೆಗೆ ಬಾಯಿಟ್ಟು ಆಚೆ ಬದಿಯ ಗೆಳತಿಯನ್ನು ಕರೆದದ್ದು, ರಾತ್ರಿ ಒಂದೇ ಡಬ್ಬಿಯ ಶೇಂಗಾ ಹಿಂಡಿಗೆ ಆರು ಜನ ಕೈ ಹಾಕಿದ್ದು... ಇನ್ನೂ ಮುಗಿದೇ ಇಲ್ಲ, ಆಗಲೇ ಅಳು ಬರುತ್ತದೆ. ಎಲ್ಲ ಮರೆತುಹೋದರೆ ಅಂತ ಭಯ. ಬೇಕಂತಲೇ ಒಂದು ಪೇಪರ್ ಬಿಟ್ಟರೆ ಇನ್ನೊಂದು ವರ್ಷ ಇಲ್ಲೇ ಇರಬಹುದು ಅನ್ನಿಸುತ್ತಿದೆ. ಮೇ ತಿಂಗಳಲ್ಲಿ ಕನ್ಯಾ ನೋಡಲು ಬರುತ್ತಾರಂತೆ, ಅದಿರಲಿ. ಗೆಳತಿಯರು ನಿನಗೆ ಹುಚ್ಚು ಅನ್ನುತ್ತಾರೆ. ಏನು ಮಾಡಲಿ?*

ತಂಗಿ, ಮೊದಲು ಪೇಪರ್ ವಿಷಯ ಮುಗಿಸೋಣ. ಬಿಡಬೇಡ. ಹಾಸ್ಟೆಲ್ ಸೀಟು ಕ್ಲಾಸಿಗೆ ಹೋಗುವವರಿಗೆ. ಬ್ಯಾಕ್ ಉಳಿಸಿಕೊಂಡವರು ಪರೀಕ್ಷೆಯ ದಿನ ಊರಿನಿಂದ ಬಂದು ಬರೆದು ಹೋಗುತ್ತಾರೆ, ಅಷ್ಟೇ. ಅಂದರೆ ನಿನ್ನ ಗೆಳತಿಯರೂ ಇರುವುದಿಲ್ಲ, ರೂಮೂ ಇರುವುದಿಲ್ಲ, ಕೈಯಲ್ಲಿ ಪದವಿಯೂ ಇರುವುದಿಲ್ಲ. ಮನೆಯಲ್ಲಿ "ಫೇಲಾದಳು, ಇನ್ನೇನು ಓದಿಸೋದು" ಅನ್ನಲು ಒಂದು ಕಾರಣ ಮಾತ್ರ ಸಿಗುತ್ತದೆ. ಆ ಕಾರಣವನ್ನು ನೀನಾಗಿಯೇ ಅವರ ಕೈಗೆ ಕೊಡಬೇಡ.

ಇನ್ನು ಮರೆತುಹೋಗುವ ಭಯ. ವಯಸ್ಸಾದವರನ್ನು ಕೂರಿಸಿಕೊಂಡು ಬದುಕಿನ ನೆನಪುಗಳನ್ನು ಹೇಳಿ ಅಂದರೆ, ಎಲ್ಲಕ್ಕಿಂತ ಜಾಸ್ತಿ ಬರುವುದು ಸುಮಾರು 10ರಿಂದ 30 ವರ್ಷದ ನಡುವೆ ನಡೆದ ಸಂಗತಿಗಳು. ನೆನಪಿನ ಬಗ್ಗೆ ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಆ ವಯಸ್ಸಿನಲ್ಲಿ ಬಹಳಷ್ಟು ಸಂಗತಿ ಮೊದಲ ಸಲ ನಡೆಯುತ್ತವೆ. ಮೊದಲ ಸಲ ಮನೆ ಬಿಟ್ಟು ಇರುವುದು, ಮೊದಲ ಸಲ ಸ್ವಂತ ದುಡ್ಡಿನ ಲೆಕ್ಕ ಇಡುವುದು, ಮನೆಯವರಲ್ಲದವರು ಮನೆಯವರಂತೆ ಆಗುವುದು. ಅವು ಗಟ್ಟಿಯಾಗಿ ಉಳಿಯುತ್ತವೆ. ನೀನು ಮರೆಯುವುದಿಲ್ಲ. ಫೋಟೋಗಳನ್ನು ಒಂದು ಕಡೆ ಹಾಕಿಡು, ಪರೀಕ್ಷೆ ಮುಗಿಯುವವರೆಗೆ ತೆಗೆಯಬೇಡ.

ಆದರೆ ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಸಾಲು. ಜಾತ್ರೆಯ ಬಳೆಗೆ, ಶೇಂಗಾ ಹಿಂಡಿಗೆ ಅಷ್ಟೊಂದು ಮಾತು ಕೊಟ್ಟವಳು, ಕನ್ಯಾ ನೋಡಲು ಬರುವವರ ಬಗ್ಗೆ ಅರ್ಧ ಸಾಲು ಬರೆದು "ಅದಿರಲಿ" ಅಂದುಬಿಟ್ಟೆ. ನನಗೆ ಅನ್ನಿಸುವುದು, ಅಳು ಅಲ್ಲಿಂದಲೇ ಬರುತ್ತಿದೆ.

ಯೋಚಿಸಿ ನೋಡು. ಜಾಗಗಳು ಎಲ್ಲಿಗೂ ಹೋಗುವುದಿಲ್ಲ. ಗೋಳಗುಮ್ಮಟ 1656ರಿಂದ ಅಲ್ಲೇ ನಿಂತಿದೆ. ಜಾತ್ರೆ ಪ್ರತಿ ಸಂಕ್ರಾಂತಿಗೆ ಬರುತ್ತದೆ. ಗೆಳತಿಯರೂ ದೂರವಾಗಬೇಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಿಂದ ಹೊರಟರೂ ಸಂಜೆಯೊಳಗೆ ತಿರುಗಿ ಮನೆ ಸೇರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ. ಹಾಗಾದರೆ ನಿಜವಾಗಿ ಕೈತಪ್ಪಿ ಹೋಗುತ್ತಿರುವುದು ಏನು? "ನಾಳೆ ಗಾಂಧಿ ಚೌಕಿಗೆ ಹೋಗಿ ಬರೋಣ" ಅಂತ ಯಾರನ್ನೂ ಕೇಳದೆ ತೀರ್ಮಾನ ಮಾಡುವ ಹುಡುಗಿ. ನಿನಗೆ ಅವಳ ಮೇಲೆ ಪ್ರೀತಿ. ಅವಳು ಮೇ ತಿಂಗಳಲ್ಲಿ ಇಲ್ಲವಾಗುತ್ತಾಳೆ ಅಂತ ನಿನಗೆ ಹೆದರಿಕೆ. ಇದರಲ್ಲಿ ಹುಚ್ಚು ಏನೂ ಇಲ್ಲ. ನಮ್ಮ ಕಡೆ ಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿದ್ದು ಓದುವ ಹೆಣ್ಣುಮಕ್ಕಳಿಗೆ ಕೊನೆಯ ಸೆಮಿಸ್ಟರ್ ಅಂದರೆ ಇದೇ. ಗಂಡುಮಕ್ಕಳಿಗೆ ಕಾಲೇಜು ಮುಗಿಯುತ್ತದೆ. ನಿಮಗೆ ಕಾಲೇಜಿನ ಜೊತೆ ಇನ್ನೂ ಎಷ್ಟೋ ಮುಗಿಯುತ್ತದೆ.

ಹಾಗಂತ ಮದುವೆಯೇ ಬೇಡ ಅನ್ನು ಅಂತ ನಾನು ಹೇಳುತ್ತಿಲ್ಲ. ನಿನಗೆ ಇಷ್ಟವಿದ್ದರೆ ಅದು ಬೇರೆ ಮಾತು. ಇಷ್ಟವಿಲ್ಲದಿದ್ದರೆ, ಅಥವಾ ಈಗಲೇ ಬೇಡ ಅನ್ನಿಸಿದರೆ, ಮೇ ತಿಂಗಳವರೆಗೆ ಕಾಯಬೇಡ. ಬೀಗರಾಗುವವರು ಬಂದು ಚಹಾ ಅವಲಕ್ಕಿ ಮುಗಿಸಿದ ಮೇಲೆ ಬಾಯಿ ಬಿಡುವುದು ಬಹಳ ಕಷ್ಟ. ಈಗ ಮಾತಾಡು.

ಮಾತಾಡುವಾಗ "ನನಗೆ ಮದುವೆ ಬೇಡ" ಅಂತ ಶುರು ಮಾಡಬೇಡ. ಜಗಳ ಅಲ್ಲೇ ಹತ್ತಿಕೊಳ್ಳುತ್ತದೆ. "ನನಗೆ ಎರಡು ವರ್ಷ ಕೊಡಿ" ಅನ್ನು. ಎರಡು ವರ್ಷದಲ್ಲಿ ಏನು ಮಾಡುತ್ತೀಯಾ ಅಂತ ಅಪ್ಪ ಕೇಳೇ ಕೇಳುತ್ತಾರೆ. ಉತ್ತರ ಕೈಯಲ್ಲಿರಲಿ. ಬಿಎಡ್ ಎರಡು ವರ್ಷ. ಎಂಎಸ್ಸಿಯೂ ಎರಡು ವರ್ಷ. ಹೆಣ್ಣುಮಕ್ಕಳಿಗಾಗಿಯೇ 2003ರಲ್ಲಿ ಶುರುವಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಿನ್ನ ಪಕ್ಕದಲ್ಲೇ, ತೊರವಿಯಲ್ಲಿದೆ. ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ಕೂಡ ಇದೆ. "ಹುಡುಗಿಯರೇ ಇರೋ ಕಡೆ, ಅದೇ ವಿಜಯಪುರ, ಅದೇ ಬಸ್ಸು" ಅಂದರೆ ಎಷ್ಟೋ ಅಪ್ಪಂದಿರ ಮನಸ್ಸು ಅರ್ಧ ಮೆತ್ತಗಾಗುತ್ತದೆ. ಈ ವಾರವೇ ಒಂದು ದಿನ ಅಲ್ಲಿಗೆ ಹೋಗಿ ಬಾ. ಫೀ ಎಷ್ಟು, ಅರ್ಜಿ ಯಾವಾಗ, ಹಾಸ್ಟೆಲ್ ಖರ್ಚೆಷ್ಟು ಅಂತ ಕೇಳಿ ಒಂದು ಹಾಳೆಯಲ್ಲಿ ಬರೆದುಕೋ. ನಿನ್ನ ಕಾಲೇಜು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕಾಗುತ್ತದೆ, ಅದನ್ನೂ ವಿಚಾರಿಸು. ಓದು ಸಾಕು, ಕೆಲಸ ಹುಡುಕುತ್ತೇನೆ ಅನ್ನಿಸಿದರೆ ಯುವನಿಧಿ ಗೊತ್ತಿರಲಿ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುವವರಿಗೆ ಅದು ಸಿಗುವುದಿಲ್ಲ. ಯಾವ ದಾರಿ ಹಿಡಿದರೂ ಮೊದಲು ಪಾಸಾಗಿರಬೇಕು, ಅಲ್ವಾ?

ಮೊದಲು ಅವ್ವನ ಹತ್ತಿರ ಹೇಳು, ಅದೂ ಫೋನಿನಲ್ಲಲ್ಲ. ಒಂದು ಭಾನುವಾರ ಊರಿಗೆ ಹೋಗು, ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಹೇಳು. ಮನೆಯಲ್ಲಿ ನಿನ್ನ ಓದಿನ ಬಗ್ಗೆ ಹೆಮ್ಮೆ ಇರುವವರು ಒಬ್ಬರಾದರೂ ಇರುತ್ತಾರೆ, ಕಾಕಾನೋ ಸೋದರಮಾವನೋ. ಅವರನ್ನು ಜೊತೆಗೆ ಹಾಕಿಕೋ. ಕಾಲೇಜಿನಲ್ಲಿ ನಿನ್ನನ್ನು ಚೆನ್ನಾಗಿ ಬಲ್ಲ ಮೇಡಂ ಒಬ್ಬರಿದ್ದರೆ ಅಪ್ಪನಿಗೆ ಒಂದು ಫೋನ್ ಮಾಡಲು ಕೇಳು. ಹಿಂಜರಿಯಬೇಡ, ಇಂಥ ಫೋನ್ ಅವರಿಗೆ ಹೊಸದೇನಲ್ಲ.

"ಮದುವೆ ಆದಮೇಲೆ ಅವರೇ ಓದಿಸ್ತಾರಂತೆ" ಅನ್ನುವ ಮಾತು ಬರಬಹುದು. ಬಹಳ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ನಡೆಸಿಕೊಟ್ಟವರಿದ್ದಾರೆ, ಜಾಸ್ತಿ ಇಲ್ಲ. ಹಾಗೆ ಹೇಳಿದರೆ "ಮದುವೆಗೆ ಮುಂಚೆ ಅಡ್ಮಿಷನ್ ಆಗಲಿ" ಅಂತ ಕೇಳು. ಹುಡುಗನ ಜೊತೆ ನೇರವಾಗಿ ಮಾತಾಡಲು ಅವಕಾಶ ಕೊಡಿ ಅಂತಲೂ ಕೇಳು.

ಎಲ್ಲ ಮಾಡಿಯೂ ಅಪ್ಪ ಒಪ್ಪದೇ ಇರಬಹುದು. ಅದನ್ನು ಮುಚ್ಚಿಡಲಾರೆ. ಆಗಲೂ ನಿನ್ನ ಹತ್ತಿರ ಪದವಿ ಇರುತ್ತದೆ, ಕೇಳಿದೆ ಅನ್ನುವುದು ಇರುತ್ತದೆ. ಇನ್ನೊಂದು ಸಲ ಕೇಳಲು ಅದು ಬೇಕಾಗುತ್ತದೆ. ನಿನ್ನ ಒಪ್ಪಿಗೆ ಇಲ್ಲದೆ ಒತ್ತಾಯ ಶುರುವಾದರೆ ಮಹಿಳಾ ಸಹಾಯವಾಣಿ 181 ಇದೆ. ಸುಮ್ನೆ ಇರಬೇಡ. ನಿದ್ದೆ, ಊಟ ಕೆಟ್ಟು ಅಳು ನಿಲ್ಲದೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಉಳಿದ ಈ ಎರಡು ತಿಂಗಳು. ಹಗಲು ಓದು. ರಾತ್ರಿ ಊಟದ ನಂತರ ಒಂದು ತಾಸು ಗೆಳತಿಯರ ಜೊತೆ ಕೂತುಕೋ, ಮೊಬೈಲ್ ರೂಮಿನಲ್ಲೇ ಬಿಟ್ಟು. ಅವರಲ್ಲಿ ಇನ್ನೂ ಒಬ್ಬಿಬ್ಬರ ಮನೆಗೆ ಮೇ ತಿಂಗಳಲ್ಲಿ ಕನ್ಯಾ ನೋಡಲು ಬರುವವರಿರುತ್ತಾರೆ. ನಿನಗೆ ಹುಚ್ಚು ಅಂದವಳೂ ಅವರಲ್ಲೊಬ್ಬಳಿರಬಹುದು. ತೊರವಿಗೆ ಹೋಗುವ ದಿನ ಅವಳನ್ನೂ ಕರೆದುಕೊಂಡು ಹೋಗು.